ಆಮೇಲಣ್ಣ ಬೆಟ್ಟಕ್ಕೆ ಹೊರಟದ್ದು

ನಮ್ಮ ಲಾಂಡ್ರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಏನು ಕೇಳಿದರೂ ‘ಆಮೇಲೆ ನೋಡೋಣ’ ಅನ್ನುವುದು ಅವನ ಅಭ್ಯಾಸ. ಚಹಾಕ್ಕೆ ಕರೆದರೆ ಆಮೇಲೆ, ಸಿನಿಮಾಕ್ಕೆ ಕರೆದರೆ ಆಮೇಲೆ, ಹಲ್ಲುನೋವಿನಿಂದ ಮುಖ ಊದಿಕೊಂಡಾಗ ಡಾಕ್ಟರ ಹತ್ತಿರ ಹೋಗಣ್ಣ ಎಂದರೆ ಅದಕ್ಕೂ ಆಮೇಲೆ. ಹಾಗಾಗಿ ಆಮೇಲಣ್ಣ ಎಂಬ ಹೆಸರು ಅಂಟಿಕೊಂಡಿತು. ಅವನೂ ಅದಕ್ಕೆ ಓಗೊಡುತ್ತಿದ್ದ.

ಅವನ ಕೆಲಸ ನೆಲಮಾಳಿಗೆಯಲ್ಲಿ. ಆಸ್ಪತ್ರೆ, ಹೋಟೆಲುಗಳಿಂದ ನಾನು ವ್ಯಾನಿನಲ್ಲಿ ತಂದು ಸುರಿಯುತ್ತಿದ್ದ ಬೆಡ್‌ಶೀಟುಗಳು ಒಗೆದು, ಹಿಂಡಿ, ಒಣಗಿ ಕೊನೆಗೆ ಅವನ ಇಸ್ತ್ರಿ ರೋಲರಿಗೆ ಬರುತ್ತಿದ್ದವು. ಬೇಸಿಗೆ, ಚಳಿ ಎಂಬ ಭೇದವಿಲ್ಲದೆ ಅಲ್ಲಿ ವರ್ಷವಿಡೀ ಒಂದೇ ಹವೆ: ಬಿಸಿ, ಒದ್ದೆ, ಸೋಪಿನ ವಾಸನೆ. ಮೇಲೆ ಸೂರಿಗೆ ತಾಗಿದಂತೆ ಒಂದು ಅಡ್ಡ ಕಿಟಕಿ. ಅದರಲ್ಲಿ ಬೀದಿಯಲ್ಲಿ ಓಡಾಡುವವರ ಕಾಲುಗಳಷ್ಟೇ ಕಾಣುತ್ತಿದ್ದವು. ಚಪ್ಪಲಿ ನೋಡಿಯೇ ಇಂಥವರು ಬಂದರು ಎಂದು ಹೇಳಿಬಿಡುತ್ತಿದ್ದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಿಟಕಿಯ ಕೆಳಗೇ ನಿಂತು ದುಡಿದಿದ್ದ.

ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ಮೇಲಿನ ಮಹಡಿಯಲ್ಲಿ ಹರಿದ ಬಟ್ಟೆಗೆ ತೇಪೆ ಹಾಕಿ ಮಡಿಸುವ ಕಡೆ ಇದ್ದಳು. ಲಾಂಡ್ರಿಯ ಹಿಂದಿನ ಓಣಿಯಲ್ಲೇ ಎರಡು ಕೋಣೆಯ ಮನೆ. ಮಕ್ಕಳಿರಲಿಲ್ಲ. ಅತ್ತಿಗೆಯ ತಮ್ಮನೇ ನಮ್ಮ ಸೂಪರ್‌ವೈಸರ್. ಭಾವನ ಮೇಲೆ ಅವನಿಗೆ ಪ್ರೀತಿಯಿತ್ತು, ಆದರೆ ಅದು ಹೊರಗೆ ಬರುವಾಗ ಗೇಲಿಯಾಗಿಯೇ ಬರುತ್ತಿತ್ತು.

ಲಾಂಡ್ರಿಗೆ ಇಪ್ಪತ್ತೈದು ತುಂಬಿದ ವರ್ಷ. ಕರೆಂಟು ಹೋಗಿ ಯಂತ್ರಗಳೆಲ್ಲ ನಿಂತಿದ್ದ ಒಂದು ಮಧ್ಯಾಹ್ನ ನಮ್ಮ ಮಾಲಕಿ ಮೇಡಂ ಅಪರೂಪಕ್ಕೆ ನೆಲಮಾಳಿಗೆಗೆ ಇಳಿದು ಬಂದರು. ಎಲ್ಲರನ್ನೂ ಕರೆಸಿ, ನಿಮ್ಮ ನಿಮ್ಮ ಆಸೆ ಹೇಳಿ, ಒಬ್ಬರದ್ದಾದರೂ ಈ ವರ್ಷ ನಡೆಸಿಕೊಡುತ್ತೇನೆ ಅಂದರು. ಒಬ್ಬಳು ಫ್ಯಾನು ಕೇಳಿದಳು, ಒಬ್ಬ ಮಗಳಿಗೆ ಕೆಲಸ ಕೇಳಿದ, ನಾನು ವ್ಯಾನಿಗೆ ಹೊಸ ಟೈರು ಕೇಳಿದೆ. ಆಮೇಲಣ್ಣನ ಸರದಿ ಬಂತು. ಅವನು ಬಾಯಿ ತೆರೆಯುವ ಮೊದಲೇ ಬಾಮೈದ ನಡುವೆ ಬಾಯಿ ಹಾಕಿದ.

“ಭಾವನ್ನ ಕೇಳ್ಬೇಡಿ ಮೇಡಂ. ಅವರಿಗೆ ಆಸೆ ಅನ್ನೋದೇ ಇಲ್ಲ.”

ಎಲ್ಲರೂ ನಕ್ಕೆವು. ಅತ್ತಿಗೆ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಕೈಯಲ್ಲಿದ್ದ ದಾರದ ಉಂಡೆಯನ್ನು ನೋಡುತ್ತ ನಿಂತಳು. ಆ ತಗ್ಗಿದ ತಲೆ ಆಮೇಲಣ್ಣನಿಗೆ ಚುಚ್ಚಿತು. ಎದುರಿನ ಗೋಡೆಯಲ್ಲಿ ಸೋಪಿನ ಪುಡಿ ಮಾರುವವರು ಕೊಟ್ಟುಹೋದ ಕ್ಯಾಲೆಂಡರು ನೇತಾಡುತ್ತಿತ್ತು. ಆ ತಿಂಗಳ ಹಾಳೆಯಲ್ಲಿ ಒಂದು ದೊಡ್ಡ ಹಿಮದ ಬೆಟ್ಟ, ಆಗತಾನೇ ಇಸ್ತ್ರಿ ಮಾಡಿ ಹರಡಿದ ಹಾಗೆ ಬೆಳ್ಳಗಿತ್ತು. ಅವನು ಅದಕ್ಕೆ ಬೆರಳು ತೋರಿಸಿ, “ಅದನ್ನ ಒಂದ್ಸಲ ಹತ್ಬೇಕು ಅಂತಿದೆ” ಅಂದುಬಿಟ್ಟ.

ಹಾಳೆಯಲ್ಲಿ ಹಡಗಿದ್ದರೆ ಹಡಗು ಅನ್ನುತ್ತಿದ್ದನಂತೆ. ಇದನ್ನು ಅವನು ನನಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ. ಅವತ್ತು ಮಾತ್ರ ಆಡಿದ ಮಾತು ಅವನ ಕೈಯಲ್ಲಿ ಉಳಿಯಲಿಲ್ಲ. ಮೇಡಂ ಕಣ್ಣರಳಿಸಿದರು. ಬಾಮೈದನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅತ್ತಿಗೆ ತಲೆಯೆತ್ತಿ ಗಂಡನನ್ನು ನೋಡಿದಳು, ಹೊಸದಾಗಿ ಯಾರನ್ನೋ ನೋಡುವ ಹಾಗೆ.

ನಮ್ಮ ಪಟ್ಟಣದಲ್ಲಿ ಬೆಟ್ಟ ಹತ್ತುವವರ ಒಂದು ಸಂಘವಿತ್ತು. ಮುಂದಿನ ವರ್ಷ ಅದೇ ಬೆಟ್ಟಕ್ಕೆ ಅವರ ತಂಡ ಹೊರಡುವುದಿತ್ತು. ಮೇಡಂ ಅಲ್ಲಿಗೆ ಹೋಗಿ ಮಾತಾಡಿ, ಖರ್ಚೆಲ್ಲ ಲಾಂಡ್ರಿಯದೆಂದು ಒಪ್ಪಿಸಿ ಬಂದರು. ಅದೇ ವಾರ ಪೇಂಟರ್ ಬಂದು ನನ್ನ ವ್ಯಾನಿನ ಒಂದು ಮಗ್ಗುಲಿನ ತುಂಬ ಆಮೇಲಣ್ಣನ ಮುಖ ಬರೆದ. ಹಿಂದೆ ಬೆಟ್ಟ, ಕೆಳಗೆ ‘ನೆಲಮಾಳಿಗೆಯಿಂದ ಶಿಖರಕ್ಕೆ’ ಎಂಬ ಸಾಲು. ಮೀಸೆಯನ್ನು ಇದ್ದದ್ದಕ್ಕಿಂತ ದಪ್ಪ ಮಾಡಿದ್ದ. ಊರಿನ ಎಲ್ಲ ಆಸ್ಪತ್ರೆ, ಹೋಟೆಲುಗಳ ಮುಂದೆ ಆ ಮುಖ ಹೊತ್ತು ತಿರುಗಿದವನು ನಾನೇ.

ಅಲ್ಲಿಂದ ಅವನ ಬದುಕು ಅಡಕತ್ತರಿಗೆ ಸಿಕ್ಕಿತು. ಬೀದಿಯಲ್ಲಿ ನಡೆದರೆ ಜನ ನಿಲ್ಲಿಸಿ ಕೈ ಕುಲುಕುತ್ತಿದ್ದರು. ಕಿರಾಣಿ ಅಂಗಡಿಯವನು ಒಣದ್ರಾಕ್ಷಿ ಪೊಟ್ಟಣ ಕೊಟ್ಟು, ಮೇಲೆ ಹೋದಾಗ ನನ್ನ ನೆನೆಸಿಕೊಂಡು ತಿನ್ನಿ ಎನ್ನುತ್ತಿದ್ದ. ಕ್ಷೌರಿಕನಂತೂ ಗಡ್ಡ ತೆಗೆಯಲು ಒಪ್ಪಲೇ ಇಲ್ಲ. ಮೇಲೆ ಚಳಿಗೆ ಬೇಕಾಗುತ್ತದೆ, ಬೆಳೆಯಲಿ ಬಿಡಿ ಎಂದು ಕುರ್ಚಿಯಿಂದ ಎಬ್ಬಿಸಿ ಕಳಿಸಿದ. ಯಾರ ಮಾತನ್ನೂ ತಳ್ಳಿಹಾಕಲಾರದ ಮನುಷ್ಯ, ಗಡ್ಡ ಕೆರೆಯುತ್ತ ದ್ರಾಕ್ಷಿ ತಿನ್ನುತ್ತ ರೋಲರಿನ ಮುಂದೆ ನಿಲ್ಲುತ್ತಿದ್ದ.

ತರಬೇತಿ ಕೊಡುತ್ತಿದ್ದವರು ಸಂಘದ ಹಳೆಯ ಮಾರ್ಗದರ್ಶಿ. ಹಿಂದೆ ಯಾವುದೋ ಬೆಟ್ಟದಲ್ಲಿ ಹಿಮ ಕಚ್ಚಿ ಎರಡು ಬೆರಳು ಕಳೆದುಕೊಂಡಿದ್ದರು. ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಬೆಳಗಾದರೆ ಆಟದ ಮೈದಾನದ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದರು. ಬೆನ್ನಿಗೆ ಭಾರ ಬೇಕಲ್ಲ, ಆಮೇಲಣ್ಣ ಚೀಲದಲ್ಲಿ ಒದ್ದೆ ಬೆಡ್‌ಶೀಟು ತುಂಬಿಕೊಂಡು ಹೋಗುತ್ತಿದ್ದ. ಒದ್ದೆ ಬಟ್ಟೆಯ ಭಾರ ಎಂಥದ್ದೆಂದು ನಮ್ಮ ಕಸುಬಿನವರಿಗೆ ಹೇಳಬೇಕಾಗಿಲ್ಲ. ಹತ್ತುತ್ತ ಹತ್ತುತ್ತ ನೀರು ಸೋರಿ ಚಡ್ಡಿಯೆಲ್ಲ ನೆನೆದು, ನೋಡಿದವರು ಬೇರೇನೋ ತಿಳಿದುಕೊಳ್ಳುವ ಹಾಗಾಗುತ್ತಿತ್ತು.

ಮೊದಮೊದಲು ಅತ್ತಿಗೆ ಮೈದಾನಕ್ಕೆ ಬರುತ್ತಿದ್ದದ್ದು ನೀರಿನ ಬಾಟಲಿ ಹಿಡಿದುಕೊಳ್ಳಲು. ಕೂತು ಕೂತು ಬೇಸರವಾಗಿ ತಾನೂ ಹತ್ತತೊಡಗಿದಳು. ಆಮೇಲೆ ಗಂಡನ ಚೀಲದಿಂದ ಎರಡು ಶೀಟು ತೆಗೆದು ತನ್ನ ಬೆನ್ನಿಗೆ ಹಾಕಿಕೊಂಡಳು. ಹಗ್ಗದ ಗಂಟುಗಳನ್ನು ಮೇಷ್ಟ್ರು ತೋರಿಸಿಕೊಟ್ಟರೆ ಅವನು ಮನೆಗೆ ಬರುವಷ್ಟರಲ್ಲಿ ಮರೆತಿರುತ್ತಿದ್ದ. ಅವಳು ಬಟ್ಟೆ ಒಣಹಾಕುವ ಹಗ್ಗದಲ್ಲಿ ಹಾಕಿ ಬಿಚ್ಚಿ ಅವನಿಗೆ ಪಾಠ ಹೇಳುತ್ತಿದ್ದಳು. ನಲವತ್ತು ದಾಟಿದ ಹೆಂಗಸು, ಊಟಕ್ಕೆ ಕೂತಾಗಲೂ ಬೆಟ್ಟದ ಮಾತು. ಅಲ್ಲಿ ಉಸಿರು ಹೇಗೆ ತೆಗೆಯಬೇಕು, ಹಿಮದಲ್ಲಿ ಕಣ್ಣು ಏಕೆ ಉರಿಯುತ್ತದೆ, ಬೂಟು ಒದ್ದೆಯಾದರೆ ಏನು ಮಾಡಬೇಕು. ಮದುವೆಯಾದಾಗಿನಿಂದ ಅವಳು ಇಷ್ಟು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಅವಳ ಮಾತು ಹೆಚ್ಚಾದಂತೆ ಅವನ ಬಾಯಿ ಕಟ್ಟುತ್ತ ಬಂತು.

ಒಂದೇ ಒಂದು ಭರವಸೆ ಇತ್ತು, ವೈದ್ಯರ ತಪಾಸಣೆ. ನಾನೇ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ಎದೆ ಹಿಡಿದಂತಾಗುತ್ತದೆ, ಮೊಣಕಾಲು ಸೆಳೆಯುತ್ತದೆ ಎಂದು ನನ್ನ ಹತ್ತಿರ ಹೇಳಿಕೊಂಡ. ಡಾಕ್ಟರು ಎಲ್ಲ ನೋಡಿ, ಎತ್ತಿನ ಹಾಗಿದ್ದೀರಿ, ನನ್ನ ಮಗನಿಗೂ ಇಂಥ ಎದೆಯಿಲ್ಲ ಎಂದು ಬೆನ್ನು ತಟ್ಟಿದರಂತೆ. ಹೊರಗೆ ಬಂದವನ ಮುಖ ನೋಡಿ ಏನೋ ದೊಡ್ಡ ರೋಗವೇ ಸಿಕ್ಕಿದೆ ಎಂದು ನಾನು ಹೆದರಿದ್ದೆ.

ಬಾಮೈದನ ಕಡೆಯಿಂದಲೂ ಒಮ್ಮೆ ಬಾಗಿಲು ತೆರೆಯಿತು. ರಜೆಯ ದಿನ ಅಕ್ಕನ ಮನೆಗೆ ಊಟಕ್ಕೆ ಬಂದಿದ್ದ, ನಾನೂ ಇದ್ದೆ. ದೂರದ ಬೆಟ್ಟ ನುಣ್ಣಗೆ, ನಮ್ಮ ಭಾವ ಹೋಗುವುದಿಲ್ಲ, ಬೇಕಾದರೆ ಬರೆದಿಟ್ಟುಕೊಳ್ಳಿ ಎಂದು ಶುರುಮಾಡಿದ. ಆಮೇಲಣ್ಣ ತಟ್ಟೆಯಿಂದ ತಲೆಯೆತ್ತಿದ. ಈಗ ಹೌದಪ್ಪ, ಹೋಗಲ್ಲ ಎಂದು ನಕ್ಕುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಅವನು ಹೇಳುವುದರಲ್ಲಿದ್ದ ಕೂಡ. ಅಷ್ಟರಲ್ಲಿ ಅತ್ತಿಗೆ ಸೌಟು ಕೆಳಗಿಟ್ಟು, “ಹೋಗ್ತಾರೆ. ನೀನು ಊಟ ಮಾಡು” ಅಂದಳು. ದನಿ ಏರಿಸಲಿಲ್ಲ. ಆದರೂ ಆ ಮೇಲೆ ಯಾರೂ ಅದರ ಸುದ್ದಿ ಎತ್ತಲಿಲ್ಲ. ಆಮೇಲಣ್ಣ ತಟ್ಟೆಯೊಳಗೆ ಬೆರಳಾಡಿಸುತ್ತ ಕೂತ.

ಹೊರಡುವುದಕ್ಕೆ ಕೆಲವು ವಾರಗಳಿರುವಾಗ ಮೇಷ್ಟ್ರು ತಂಡವನ್ನು ಒಂದು ಕಲ್ಲುಗುಡ್ಡಕ್ಕೆ ಕರೆದೊಯ್ದರು. ಜೊತೆಗೆ ಅತ್ತಿಗೆ ಬರಲೂ ಒಪ್ಪಿದರು. ಗುಡ್ಡದ ನೆತ್ತಿಗೆ ಹತ್ತಿರ ಒಂದು ಕಡೆ ದಾರಿ ಕಿರಿದಾಗಿ, ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ. ಹಗ್ಗ ಕಟ್ಟಿದ್ದರು. ಮುಂದಿನವರು ದಾಟಿದರು. ಆಮೇಲಣ್ಣ ನಾಲ್ಕು ಹೆಜ್ಜೆ ಇಟ್ಟು ಕೆಳಗೆ ನೋಡಿದ. ಅಷ್ಟು ಎತ್ತರದಿಂದ ಅವನು ಜನ್ಮದಲ್ಲಿ ಏನನ್ನೂ ನೋಡಿದವನಲ್ಲ. ಕೆಳಗಿನ ಮರಗಳು ಮೇಲಕ್ಕೆ ಎದ್ದು ಬಂದ ಹಾಗಾಯಿತು. ಅಲ್ಲೇ ಕೂತುಬಿಟ್ಟ. ಕೂತವನು ಬಂಡೆಯನ್ನು ತಬ್ಬಿಕೊಂಡ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೆನ್ನೆ ಬಂಡೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ತನ್ನ ನೆಲಮಾಳಿಗೆಯ ಒಂದೊಂದು ಮೂಲೆಯನ್ನೂ ನೆನೆಸಿಕೊಳ್ಳುತ್ತ ಕೂತಿದ್ದನಂತೆ.

ಹಿಂದಿನಿಂದ ಬಂದ ಅತ್ತಿಗೆ ಅವನನ್ನು ದಾಟಿ ಮುಂದೆ ಹೋಗಿ, ತಿರುಗಿ ಬಂದು, ಅವನ ಸೊಂಟದ ಪಟ್ಟಿ ಹಿಡಿದು ಪಕ್ಕದಲ್ಲೇ ಕೂತಳು. ಬಹಳ ಹೊತ್ತಿನ ಮೇಲೆ ಮೇಷ್ಟ್ರು ಬಂದು ಒಂದೊಂದೇ ಹೆಜ್ಜೆ ಹೇಳಿಕೊಟ್ಟು ಹಿಂದಕ್ಕೆ ಕರೆತಂದರು. ಅಗಲವಾದ ಜಾಗದಲ್ಲಿ ಕೂರಿಸಿ ನೀರು ಕೊಟ್ಟರು.

“ಹೆದರಿಕೆ ಎಲ್ಲರಿಗೂ ಆಗುತ್ತೆ, ಅದು ಬಿಡಿ. ನಿಮಗೆ ಹೋಗೋ ಮನಸ್ಸಿದೆಯಾ?” ಎಂದು ಕೇಳಿದರು.

ಅತ್ತಿಗೆ ಸ್ವಲ್ಪ ಆಚೆ ಬೂಟಿನ ದಾರ ಕಟ್ಟುತ್ತಿದ್ದಳು, ಮಾತು ಕೇಳಿಸುವಷ್ಟು ಹತ್ತಿರದಲ್ಲಿ. ಆಮೇಲಣ್ಣ ಅವಳ ಬೆನ್ನು ನೋಡಿ, “ಇದೆ” ಅಂದ.

ಆ ಒಂದು ಮಾತು ಆಡಿದ ಮೇಲೆ ತನಗೆ ನಿಜವಾಗಿ ಉಸಿರು ಕಟ್ಟಿತು ಎನ್ನುತ್ತಿದ್ದ. ಬಂಡೆಯ ಮೇಲೆ ಕೂತಾಗಲೂ ಹಾಗಾಗಿರಲಿಲ್ಲವಂತೆ.

ಹೊರಡುವ ಮೊದಲಿನ ಭಾನುವಾರ ಬೆಳಿಗ್ಗೆ ಇಬ್ಬರೂ ಮನೆಯಲ್ಲಿ ಚೀಲ ತುಂಬುತ್ತಿದ್ದರು. ದಪ್ಪ ಜಾಕೆಟ್ಟು, ಉಣ್ಣೆ ಟೋಪಿ, ಮೂರು ಜೊತೆ ಕಾಲುಚೀಲ ನೆಲದ ತುಂಬ ಹರಡಿದ್ದವು. ಅತ್ತಿಗೆ ಒಂದೊಂದನ್ನೂ ಸುರುಳಿ ಸುತ್ತಿ ಕೊಡುತ್ತಿದ್ದಳು, ಅವನು ಒಳಗೆ ಇಡಬೇಕು. ಟೋಪಿಯನ್ನು ಒಳಗಿಟ್ಟವನು ಮತ್ತೆ ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಅವಳು ಅವನ ಮುಖ ನೋಡಿದಳು.

“ಜ್ವರ ಬಂದಿದೆಯಾ?”

“ಇಲ್ಲ. ನನಗೆ ಹೋಗೋದು ಬೇಡ.”

“ಅವತ್ತು ಗುಡ್ಡದಲ್ಲಿ ಆದದ್ದಕ್ಕಾ? ಮೇಷ್ಟ್ರು ಹೇಳಿದ್ರಲ್ಲ, ಎಲ್ಲರಿಗೂ ಆಗುತ್ತೆ ಅಂತ.”

“ಅದಕ್ಕಲ್ಲ. ಮೊದಲಿಂದಲೂ ಬೇಡ. ಆಸೆನೇ ಇಲ್ಲ ಅಂತ ನಿನ್ನ ತಮ್ಮ ಎಲ್ಲರ ಮುಂದೆ ಅಂದ. ನೀನು ತಲೆ ತಗ್ಗಿಸಿದೆ. ಕಣ್ಣಿಗೆ ಬಿದ್ದದ್ದನ್ನ ಹೇಳಿಬಿಟ್ಟೆ.”

ಅತ್ತಿಗೆ ಕಾಲುಚೀಲ ಸುತ್ತುವುದನ್ನು ನಿಲ್ಲಿಸಿದಳು. “ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ರಿ?”

“ನೀನು ಖುಷಿಯಾಗಿದ್ದೆ. ಗಂಡ ಏನೋ ಮಾಡ್ತಾನೆ ಅಂತ.”

“ನೀವು ಹತ್ತುತ್ತೀರ ಅಂತ ಖುಷಿಯಾಗಿದ್ದೆ ಅಂದ್ಕೊಂಡ್ರಾ?” ಅವಳು ಕಾಲುಚೀಲವನ್ನು ನೆಲಕ್ಕೆ ಹಾಕಿದಳು. “ನಾನು ಹತ್ತುತ್ತಾ ಇದ್ದೆನಲ್ಲ ರೀ. ಅದು ನಿಮಗೆ ಕಾಣಲೇ ಇಲ್ವಾ?”

ಅವನು ಟೋಪಿಯನ್ನು ಅವಳ ಮುಂದಿಟ್ಟು, ಹಾಗಾದರೆ ನೀನೇ ಹೋಗು ಅಂದ. ಅದು ಇನ್ನೂ ಕೆಟ್ಟಿತು. ನಿಮಗೆ ಬೇಡವಾದದ್ದು, ನೀವು ತಟ್ಟೆಯಲ್ಲಿ ಬಿಟ್ಟದ್ದು ನನಗೆ ಬೇಡ ಎಂದು ಅವಳು ಎದ್ದು ಅಡಿಗೆಮನೆಗೆ ಹೋದಳು. ಆ ದಿನ, ಮರುದಿನ ಅವಳು ಅವನೊಡನೆ ಮಾತಾಡಲಿಲ್ಲ. ಅರ್ಧ ತುಂಬಿದ ಚೀಲ ಬಾಗಿಲ ಹತ್ತಿರ ಹಾಗೇ ಬಾಯಿ ಬಿಟ್ಟುಕೊಂಡು ಕೂತಿತ್ತು. ಒಳಗೆ ಹೋಗುವಾಗ, ಹೊರಗೆ ಬರುವಾಗ ಅದನ್ನು ದಾಟಿಯೇ ಹೋಗಬೇಕು.

ಕೊನೆಗೆ ಅವನು ತನ್ನಷ್ಟಕ್ಕೆ ಮೇಷ್ಟ್ರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೇಷ್ಟ್ರಿಗೆ ಆಶ್ಚರ್ಯವೇನೂ ಆಗಲಿಲ್ಲ. ಸಂಜೆ ಮನೆಗೇ ಬಂದು, ಬಾಗಿಲಲ್ಲಿ ನಿಂತೇ ಅತ್ತಿಗೆಯನ್ನು ಕೇಳಿದರು: “ಇವರ ಜಾಗದಲ್ಲಿ ಅಂತ ಕರೀತಿಲ್ಲಮ್ಮ. ಗುಡ್ಡದಲ್ಲಿ ನಿಮ್ಮ ಕಾಲು ನೋಡಿದ್ದೀನಿ. ತಂಡಕ್ಕೆ ಬರ್ತೀರಾ?”

ಅತ್ತಿಗೆ ಒಳಗೆ ಹೋಗಿ ಮುಖ ತೊಳೆದು ಬಂದು, “ಬರ್ತೀನಿ” ಅಂದಳು.

ಮೇಡಂ ಸುಲಭಕ್ಕೆ ಒಪ್ಪಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಎದುರು ನಿಲ್ಲಿಸಿಕೊಂಡು, ಊರೆಲ್ಲ ಮುಖ ಬರೆಸಿ ತಿರುಗಿಸಿದ್ದೇನೆ, ಈಗ ಬೇರೆಯವರು ಹೋದರೆ ಲಾಂಡ್ರಿಯನ್ನು ನೋಡಿ ಜನ ನಗುವುದಿಲ್ಲವೇ, ಅರ್ಧಕ್ಕೆ ಹೋಗಿ ಬಂದರೂ ಸಾಕು, ನೀನೇ ಹೋಗಪ್ಪ ಅಂದರು. ಆಮೇಲಣ್ಣ, “ನಗೋದು ನನ್ನ ನೋಡಿ ಮೇಡಂ, ನಗಲಿ” ಎಂದ. ಅವರು ಅವನನ್ನೇ ನೋಡುತ್ತ ಕೂತು, ಸರಿ, ಆದರೆ ಕೆಳಗಿನವರಿಗೆಲ್ಲ ನೀನೇ ಹೇಳಬೇಕು ಎಂದರು.

ಅವನು ಹೇಳಿದ. ರೋಲರು ನಿಲ್ಲಿಸಿ, ಗಡ್ಡದೊಳಗೆ ಬೆವರು ಇಳಿಯುತ್ತಿರಲು, ತಾನು ಹೋಗುವುದಿಲ್ಲ, ತನಗೆ ಹೆದರಿಕೆ, ಅದಕ್ಕಿಂತ ಮೊದಲು ಆಸೆಯೇ ಇರಲಿಲ್ಲ, ಹೋಗುವವಳು ತನ್ನ ಹೆಂಡತಿ ಎಂದ. ಯಾರೋ ಕೆಮ್ಮಿದರು. ಎಲ್ಲರ ಕಣ್ಣು ಬಾಮೈದನ ಕಡೆಗೆ ಹೊರಳಿತು. ಇಂಥ ಅವಕಾಶವನ್ನು ಅವನು ಬಿಡುತ್ತಾನೆಯೇ. ಆದರೆ ಅವನು ಹೋಗಿ ಯಂತ್ರದ ಸ್ವಿಚ್ಚು ಹಾಕಿದ. ಸದ್ದಿನಲ್ಲಿ ಎಲ್ಲರೂ ಕೆಲಸಕ್ಕೆ ತಿರುಗಿದೆವು.

ಅತ್ತಿಗೆ ತಂಡದ ಜೊತೆ ರೈಲು ಹತ್ತಿದಳು. ಕ್ಷೌರಿಕ ತುಟಿಪಿಟಕ್ಕೆನ್ನದೆ ಆಮೇಲಣ್ಣನ ಗಡ್ಡ ತೆಗೆದ. ಬೀದಿಯವರು ಸುಮ್ಮನಿರಲಿಲ್ಲ. ಏನು ಇಷ್ಟು ಬೇಗ ಇಳಿದುಬಿಟ್ರಿ ಎಂದು ಕೇಳುವವರು, ಹೆಂಡತಿಯನ್ನು ಬೆಟ್ಟಕ್ಕೆ ಅಟ್ಟಿ ಮನೆಯಲ್ಲಿ ಬೆಚ್ಚಗಿದ್ದಾನೆ ಎನ್ನುವವರು. ವ್ಯಾನಿನ ಮೇಲಿನ ಬಣ್ಣ ಅಳಿಸಲು ಮೇಡಂ ಹೇಳಿರಲಿಲ್ಲ. ನಿಲ್ಲಿಸುವಾಗ ಆ ಮಗ್ಗುಲು ಗೋಡೆಯ ಕಡೆಗೆ ಬರುವಂತೆ ನಿಲ್ಲಿಸು ಎಂದು ನನ್ನನ್ನು ಕೇಳಿಕೊಂಡ. ಹಾಗೆಯೇ ನಿಲ್ಲಿಸಿದೆ.

ಅವನಿಗೆ ನಗೆಗಿಂತ ಬೇರೆಯದೇ ಚಿಂತೆ ಶುರುವಾಗಿತ್ತು. ಮೊದಲ ಕೆಲವು ದಿನ ಅತ್ತಿಗೆಯ ಫೋನು ಬಂತು; ಆಮೇಲೆ ಮೇಲೆ ಹೋದವರ ಫೋನು ಸಿಗುವುದು ನಿಂತಿತು. ಒಂದು ದಿನ ಸಂಘದವರು ಮೇಡಂಗೆ ತಿಳಿಸಿದರು: ಮೇಲೆ ಹವೆ ಕೆಟ್ಟಿದೆ, ತಂಡ ಡೇರೆಯೊಳಗೆ ಉಳಿದಿದೆ, ಇನ್ನೇನೂ ಗೊತ್ತಿಲ್ಲ. ಕೇಳಿದ ಮೇಲೆ ಆಮೇಲಣ್ಣ ಮನೆಗೆ ಹೋಗಲು ಒಪ್ಪಲಿಲ್ಲ. ಮನೆಯಲ್ಲಿ ಫೋನು ಬಂದರೆ ಎಂದು ನಾವಂದರೆ, ಇಲ್ಲಿ ಬಂದರೆ ಎನ್ನುತ್ತಿದ್ದ. ನನ್ನ ಜಾಕೆಟ್ಟು, ನನ್ನ ಚೀಲ, ನಾನು ಮಲಗಬೇಕಾಗಿದ್ದ ಡೇರೆ, ಅಲ್ಲಿ ಅವಳು ಮಲಗಿದ್ದಾಳಲ್ಲೋ ಎಂದು ನನ್ನ ತೋಳು ಹಿಡಿದು ಒಮ್ಮೆ ಹೇಳಿದ. ಕಿಟಕಿಯಲ್ಲಿ ಕಾಲುಗಳು ಹೋಗುತ್ತಿದ್ದವು, ಬರುತ್ತಿದ್ದವು. ಅವನು ಅತ್ತ ನೋಡುತ್ತ ನಿಂತು, ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಒಂದು ಶೀಟು ಸುಟ್ಟ. ಕಂದು ಬಣ್ಣದ ಕಲೆ ಅಂಗೈಯಷ್ಟು ಅಗಲ. ಸೂಪರ್‌ವೈಸರ್ ಬಾಮೈದ ಅದನ್ನು ಮಡಿಸಿ ಎತ್ತಿಟ್ಟು, ಅಂಗಿಯ ತೋಳು ಮಡಚಿ, ಭಾವನ ಪಕ್ಕದಲ್ಲಿ ನಿಂತು ತಾನೇ ರೋಲರಿಗೆ ಶೀಟು ಕೊಡತೊಡಗಿದ. ಇಬ್ಬರೂ ಹೀಗೆ ಒಟ್ಟಿಗೆ ನಿಂತು ಆ ದಿನ, ಅದರ ಮಾರನೆಯ ದಿನ ಕಳೆದರು.

ಫೋನು ಬಂದದ್ದು ಮೇಡಂ ಕೋಣೆಗೆ, ಊಟದ ಹೊತ್ತಿಗೆ. ಅವನು ಮೆಟ್ಟಿಲು ಹತ್ತಿ ಓಡಿದ್ದನ್ನು ನಾನು ನೋಡಿದೆ. ಮೈದಾನದಲ್ಲಿ ಒಮ್ಮೆಯೂ ಹಾಗೆ ಹತ್ತಿರಲಿಲ್ಲ.

“ಇಳಿದೆ ರೀ,” ಅಂದಳಂತೆ ಅತ್ತಿಗೆ. “ತುದಿಗೆ ಹೋಗ್ಲಿಲ್ಲ. ಗಾಳಿ ಜಾಸ್ತಿ ಅಂತ ಮೇಷ್ಟ್ರು ವಾಪಸ್ ಕರೆದ್ರು. ಕಾಣ್ತಾ ಇತ್ತು, ಇಷ್ಟು ಹತ್ರ.”

ಅವನು, “ಕಾಲು ನೆಟ್ಟಗಿದೆಯಾ?” ಎಂದಷ್ಟೇ ಕೇಳಿದ. ಎರಡು ಬೆರಳಿನ ಉಗುರು ಕಪ್ಪಾಗಿವೆ, ಬೇರೇನಿಲ್ಲ ಎಂದಳು. ಆಮೇಲೆ, “ಮುಂದಿನ ವರ್ಷ ಮತ್ತೆ ಬರ್ತೀನಿ ಅಂದಿದ್ದೀನಿ ಮೇಷ್ಟ್ರಿಗೆ. ಈಗಲೇ ಹೇಳ್ಬಿಡ್ತೀನಿ, ಆಮೇಲೆ ನಿಮಗೆ ಕಾಣಲಿಲ್ಲ ಅನ್ನೋದು ಬೇಡ” ಅಂದಳು.

“ಕಾಣ್ತಿದೆ,” ಅಂದ.

ಮುಖದ ಚರ್ಮ ಸುಲಿದು, ತುಟಿ ಒಡೆದು ಅತ್ತಿಗೆ ಬಂದಳು. ಮಾರನೆಯ ವಾರ ತೇಪೆ ಹಾಕಲು ಕೂತಳು. ಮುಂದಿನ ವರ್ಷ ಹೇಳಿದಂತೆ ಹೋದಳು, ತುದಿ ಮುಟ್ಟಿ ಬಂದಳು. ಎರಡನೆಯ ಸಲದ ಕಾಯುವಿಕೆ ಮೊದಲ ಸಲಕ್ಕಿಂತ ಹಗುರವಾಗಿತ್ತೇ ಎಂದು ನಾನು ಕೇಳಿದ್ದಕ್ಕೆ ಆಮೇಲಣ್ಣ ಇಲ್ಲವೆಂದು ತಲೆಯಾಡಿಸಿದ.

ಬೆಟ್ಟದಿಂದ ಬಂದ ಮೇಲೆ ಅತ್ತಿಗೆಗೆ ಮುಚ್ಚಿದ ಕೋಣೆಯಲ್ಲಿ ಮಲಗಲು ಆಗುವುದಿಲ್ಲ. ಚಳಿಗಾಲದಲ್ಲೂ ತಲೆದೆಸೆಯ ಕಿಟಕಿ ಪೂರ್ತಿ ತೆರೆದೇ ಇರಬೇಕು. ಉಗಿಯಲ್ಲಿ ಬೆಂದ ಮೈ ಅವನದು, ತಂಗಾಳಿ ಸೋಕಿದರೆ ಹಲ್ಲು ಕಟಕಟ ಎನ್ನುತ್ತವೆ. ಎರಡು ಕಂಬಳಿ ಹೊದ್ದು, ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಕಡೆ ಮುದುರಿ ಮಲಗುತ್ತಾನೆ. ಕಿಟಕಿ ಮುಚ್ಚು ಎಂದು ಇದುವರೆಗೆ ಹೇಳಿಲ್ಲ.